ಅಂತ್ಯಯಾತ್ರೆಯ ಅಶ್ವಗಳು

ದೇಹವನ್ನು ತೊರೆದ ಜೀವಕ್ಕೆ ವಾಹನದ ಅಪೇಕ್ಷೆಯಿಲ್ಲ. ಜೀವವು ತೊರೆದ ದೇಹಕ್ಕಾದರೋ ವಾಹನವು ಬೇಕೇಬೇಕು. ಆ ವಾಹನವು ಯಾವುದಾಗಿರಬೇಕೆಂಬ ವಿಷಯದಲ್ಲಿ ಲೋಕದ ನಾನಾ ಜನಾಂಗಗಳ ಆಚಾರಗಳು ನಾನಾ ಬಗೆಯಾಗಿವೆ. ಲಿಂಗಾಯತ ಸಮಾಜದಲ್ಲಿ ಲಿಂಗೈಕ್ಯರಾದವರ ಕಾಯವನ್ನು ಹೂಗಳಿಂದಲಂಕರಿಸಿದ ವಿಮಾನದಲ್ಲಿ ಕುಳ್ಳಿರಿಸಿ, ಬಂಧುಗಳೂ ಭಕ್ತರೂ ಹೆಗಲಮೇಲೆ ಹೊತ್ತು, ಭಜನೆ ವಾದ್ಯಗಳೊಡನೆ ಸಮಾಧಿಸ್ಥಾನಕ್ಕೆ ಒಯ್ಯುವ ಪದ್ಧತಿಯು ಸರ್ವವಿದಿತವೇ ಆಗಿದೆ. ಹೊರುವ ಹೆಗಲು ಮನುಷ್ಯನದೇ ಆದುದರಿಂದ ಆ ಸೇವೆಯ ಪುಣ್ಯವೂ ಶ್ರಮವೂ ಮನುಷ್ಯನಿಗೇ ಸೇರುವುವು. ಪಾಶ್ಚಾತ್ಯ ದೇಶಗಳಲ್ಲಿಯಾದರೋ, ವಿಶೇಷವಾಗಿ ಇಂಗ್ಲೆಂಡಿನಲ್ಲಿ, ಈ ಸೇವೆಯು ಕಾಲಕ್ರಮದಿಂದ ಕುದುರೆಗಳ ಪಾಲಿಗೆ ಬಂದಿತು. ತಾನು ಎಳೆಯುತ್ತಿರುವುದು ರಾಜನ ಕಳೇಬರವೋ ಬಡವನದೋ ಎಂಬುದನ್ನರಿಯದ ಆ ಮೂಕಪ್ರಾಣಿಯು ನೂರಾರು ವರ್ಷ ಮನುಷ್ಯರ ದುಃಖವನ್ನು ಸ್ಮಶಾನದ ಬಾಗಿಲವರೆಗೆ ಎಳೆದು ತಂದಿದೆ.

ಆ ಮೆರವಣಿಗೆಗಳನ್ನು ಬಣ್ಣಿಸಿದವರು ಅನೇಕರು. ಮೆರವಣಿಗೆ ಮುಗಿದ ಬಳಿಕ ಕುದುರೆಗಳು ಹಿಂದಿರುಗಿದ ಲಾಯವನ್ನು ನೋಡಿದವರು ವಿರಳ. ಶ್ರೀಮಠಗಳ ಉತ್ಸವಗಳಲ್ಲಿಯೂ ಎತ್ತು, ಕುದುರೆ, ಆನೆಗಳು ಸೇವೆ ಸಲ್ಲಿಸುತ್ತ ಬಂದಿರುವುದರಿಂದ ಈ ಲಾಯದ ಚರಿತ್ರೆಯು ಸದ್ಭಕ್ತರಿಗೆ ಕೇವಲ ಪರದೇಶದ ಕಥೆಯಾಗಲಾರದು.

ಭಾರತೀಯರ ಅಶ್ವಶಾಸ್ತ್ರ

ಅಶ್ವಪೋಷಣೆಯು ಭರತಖಂಡಕ್ಕೆ ಹೊಸತಾದ ವಿದ್ಯೆಯಲ್ಲ. ಶಾಲಿಹೋತ್ರಮುನಿಯ ಹೆಸರಿನಿಂದ ಪ್ರಸಿದ್ಧವಾದ ಅಶ್ವಶಾಸ್ತ್ರವು ಬಹು ಪ್ರಾಚೀನವಾದುದು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಚಿಹ್ನೆಗಳನ್ನು ಬರೆದಿಡಬೇಕು. ಅದರ ಸ್ಥಾನದಲ್ಲಿ ನುಣುಪಾದ ಹಲಗೆಯ ನೆಲವಿರಬೇಕು. ಮೇವಿಗೆ ಪಾತ್ರೆಯೂ, ಮೂತ್ರಪುರೀಷಗಳು ಹೊರಹೋಗಲು ದಾರಿಯೂ ಇರಬೇಕು ಎಂಬುದಾಗಿ ಆತನು ವಿಧಿಸಿರುವನು. ಚಿಕಿತ್ಸೆಯ ದೋಷದಿಂದ ರೋಗವು ಹೆಚ್ಚಿದರೆ ವೈದ್ಯನಿಗೆ ದಂಡವುಂಟು. ಯುದ್ಧದಿಂದಲೋ ವ್ಯಾಧಿಯಿಂದಲೋ ಮುಪ್ಪಿನಿಂದಲೋ ಕೆಲಸಕ್ಕೆ ಬಾರದಂತಾದ ಕುದುರೆಗಳಿಗೂ ಆಹಾರವನ್ನು ಕೊಟ್ಟು ಸಾಕಬೇಕೆಂಬ ಮಾತೂ ಅಲ್ಲಿದೆ. ರಾಜ್ಯದ ಬೊಕ್ಕಸವನ್ನು ಬಿಗಿಹಿಡಿದು ಲೆಕ್ಕವಿಡುವ ಕೌಟಿಲ್ಯನೇ ದುಡಿಯಲಾರದ ಪ್ರಾಣಿಗೆ ಅನ್ನವನ್ನು ಕಟ್ಟಿಟ್ಟಿರುವುದು ಗಮನಾರ್ಹವಾದುದು.

ಕನ್ನಡನಾಡಿನಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ಲಕ್ಷಣ, ಶಿಕ್ಷಣ, ವಿನೋದಗಳ ವಿವರಣೆಯಿದೆ. ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಕನ್ನಡದಲ್ಲಿಯೇ ಗ್ರಂಥ ರಚನೆ ಮಾಡಿದನು. ಬಸವಾದಿ ಶರಣರು ಕಾಲಿರಿಸಿದ ಕಲ್ಯಾಣಪಟ್ಟಣವು ಅಶ್ವವಿದ್ಯೆಗೂ ನೆಲೆವೀಡಾಗಿದ್ದಿತೆಂಬುದು ಇದರಿಂದ ವಿಶದವಾಗುತ್ತದೆ. ಆದರೆ ಈ ಶಾಸ್ತ್ರಗಳ ಕುದುರೆಯು ಯುದ್ಧಕ್ಕೂ ರಾಜವಿನೋದಕ್ಕೂ ಸಲ್ಲುವಂತಹುದು. ಶವವಾಹನಕ್ಕೆಂದೇ ಕುದುರೆಗಳನ್ನು ಆರಿಸಿ, ಕಲಿಸಿ, ಸಾಕುವ ಉದ್ಯೋಗವನ್ನು ಕಾಣಬೇಕಾದರೆ ಲಂಡನ್ ನಗರಕ್ಕೆ ಹೋಗಬೇಕು.

ಲಂಡನ್ನಿನಲ್ಲಿ ಶವರಥದ ವೃದ್ಧಿ

ಇಂಗ್ಲೆಂಡಿನಲ್ಲಿಯೂ ಪೂರ್ವದಲ್ಲಿ ಸಾಮಾನ್ಯರ ಶವಗಳನ್ನು ಹೆಗಲಮೇಲೆಯೇ ಒಯ್ಯುತ್ತಿದ್ದರು. ಪ್ರತಿಯೊಂದು ಪೇಟೆಗೂ ಅದರದೇ ಆದ ಇಗರ್ಜಿಯಿದ್ದು, ಇಗರ್ಜಿಯ ಅಂಗಳವೇ ರುದ್ರಭೂಮಿಯಾಗಿದ್ದುದರಿಂದ ದೂರವು ಅಲ್ಪವಾಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನಗರವು ಮಿತಿಮೀರಿ ಬೆಳೆದು, ಆ ಅಂಗಳಗಳಲ್ಲಿ ಹೆಣದ ಮೇಲೆ ಹೆಣವನ್ನಿಡುವ ದುಃಸ್ಥಿತಿಯು ಒದಗಿತು. ಕಾಲರಾ ಮೊದಲಾದ ಸಾಂಕ್ರಾಮಿಕಗಳ ಭೀತಿಯೂ ಸೇರಿತು. ಇದರಿಂದ ಊರ ಹೊರಗೆ ವಿಶಾಲವಾದ ಸ್ಮಶಾನಗಳು ಹುಟ್ಟಿದುವು. ಕೆನ್ಸಲ್ ಗ್ರೀನ್ ಸ್ಮಶಾನವು 1833ರಲ್ಲಿಯೂ, ಹೈಗೇಟ್ ಸ್ಮಶಾನವು 1839ರಲ್ಲಿಯೂ ತೆರೆಯಲ್ಪಟ್ಟುವು. 1852ರ ಶಾಸನದಿಂದ ನಗರದೊಳಗಣ ಹಳೆಯ ರುದ್ರಭೂಮಿಗಳನ್ನು ಮುಚ್ಚುವ ಅಧಿಕಾರವು ಸರ್ಕಾರಕ್ಕೆ ದೊರೆಯಿತು. 1854ರಲ್ಲಿ ಬ್ರೂಕ್‌ವುಡ್ ಎಂಬಲ್ಲಿಯ ದೂರದ ಸ್ಮಶಾನಕ್ಕೆ ಶವಗಳನ್ನೊಯ್ಯಲು ರೈಲುಗಾಡಿಯೇ ಏರ್ಪಟ್ಟಿತು.

ದೂರವು ಹೆಚ್ಚಿದಂತೆ ಹೆಗಲು ಸಾಲದಾಯಿತು. ಹಿಂದೆ ಶ್ರೀಮಂತರಿಗೆ ಮಾತ್ರ ಸಲ್ಲುತ್ತಿದ್ದ ಕುದುರೆಯ ಶವರಥವು ಮಧ್ಯಮವರ್ಗದವರಿಗೂ ಅವಶ್ಯಕವಾಯಿತು. ಅವಶ್ಯಕವಾದುದು ಕ್ರಮೇಣ ಅಂತಸ್ತಿನ ಗುರುತೂ ಆಯಿತು. ಎರಡು ಕುದುರೆಗಳ ರಥವು ಸಾಮಾನ್ಯರಿಗೆ, ನಾಲ್ಕು ಅಥವಾ ಆರು ಕುದುರೆಗಳದು ಸಿರಿವಂತರಿಗೆ ಎಂಬ ತಾರತಮ್ಯವು ನೆಲೆನಿಂತಿತು. ಕುದುರೆಗಳ ತಲೆಯ ಮೇಲೆ ಉಷ್ಟ್ರಪಕ್ಷಿಯ ಕರಿಯ ಗರಿಗಳ ಕುಚ್ಚು, ಬೆನ್ನಿನ ಮೇಲೆ ಕರಿಯ ಮಖಮಲ್ಲಿನ ಹೊದಿಕೆ. ಸತ್ತವರು ಮಕ್ಕಳಾದರೆ ಗರಿಗಳ ಬಣ್ಣವು ಬಿಳಿಯದು. ಬಡವರು ಕೂಡ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ಹಣವನ್ನು ಈ ಒಂದು ದಿನದ ವೈಭವಕ್ಕೆ ಸುರಿಯತೊಡಗಿದರು.

ಶವಸಂಸ್ಕಾರದ ಏರ್ಪಾಡನ್ನು ವಹಿಸಿಕೊಳ್ಳುವ ವರ್ತಕರಲ್ಲಿ ಬಹುಮಂದಿಗೆ ಸ್ವಂತ ಲಾಯವಿರಲಿಲ್ಲ. ಅವರು ರಥವನ್ನೂ ಕುದುರೆಗಳನ್ನೂ ಸಾರಥಿಯನ್ನೂ ದೊಡ್ಡ ಲಾಯಗಳ ಒಡೆಯರಿಂದ ಬಾಡಿಗೆಗೆ ತರುತ್ತಿದ್ದರು. ಹೀಗೆ ಶವರಥದ ಕುದುರೆಗಳನ್ನು ಸಾಕುವುದೇ ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆಯಿತು.

ಕರಿಯ ಕುದುರೆಗಳ ಆಯ್ಕೆ

1893ರಲ್ಲಿ ಗಾರ್ಡನ್ ಎಂಬ ಲೇಖಕನು ಲಂಡನ್ನಿನ ಕುದುರೆಗಳನ್ನು ಕುರಿತು ಬರೆದ ಗ್ರಂಥವು ಈ ವಿಷಯದಲ್ಲಿ ಒಳ್ಳೆಯ ಆಧಾರವಾಗಿದೆ. ನಗರದಲ್ಲಿ ಟ್ರಾಮು, ಬಂಡಿ, ಸಾರೋಟುಗಳನ್ನೆಳೆಯುತ್ತಿದ್ದ ಕುದುರೆಗಳು ಲಕ್ಷೋಪಲಕ್ಷವಾಗಿದ್ದ ಆ ಕಾಲದಲ್ಲಿ ಶವರಥಕ್ಕೆ ಮೀಸಲಾದ ಕರಿಯ ಕುದುರೆಗಳು ಸುಮಾರು 700 ಮಾತ್ರವಿದ್ದುವೆಂದು ಅದರಲ್ಲಿ ಹೇಳಿದೆ. ಇವು ಇಂಗ್ಲೆಂಡಿನ ತಳಿಗಳಲ್ಲ. ಹಾಲೆಂಡ್, ಬೆಲ್ಜಿಯಂ ದೇಶಗಳ ತಗ್ಗಾದ ಹುಲ್ಲುಗಾವಲುಗಳಿಂದ ಹಡಗಿನ ಮೇಲೆ ಇವನ್ನು ತರಿಸುತ್ತಿದ್ದರು. ಉದ್ದವಾದ ಕೇಸರ, ಬಾಗಿದ ಕೊರಳು, ಮೇಲೆತ್ತಿ ಇಡುವ ಹೆಜ್ಜೆ, ಕಾಡಿಗೆಯಂತಹ ಬಣ್ಣ, ಇವು ಅವುಗಳ ಲಕ್ಷಣಗಳು.

ಕಪ್ಪು ಬಣ್ಣವನ್ನು ಕಾಪಾಡುವುದು ಸುಲಭವಲ್ಲ. ಬಿಸಿಲಿಗೂ ಬೆವರಿಗೂ ಕಪ್ಪು ಕೂದಲು ಕಂದುಬಣ್ಣಕ್ಕೆ ತಿರುಗುವುದು. ಆದುದರಿಂದ ಕೆಲಸದಿಂದ ಬಂದೊಡನೆ ಬೆವರನ್ನು ತೊಳೆದು, ಒರಸಿ, ಖರಾರದಿಂದಲೂ ಕುಂಚದಿಂದಲೂ ಮೈಯನ್ನು ತಿಕ್ಕಬೇಕು. ಇದಕ್ಕಿಂತಲೂ ಮುಖ್ಯವಾದ ಸಂಗತಿಯೊಂದುಂಟು. ಕೊರಳಪಟ್ಟಿಯಾಗಲಿ ಬೆನ್ನಿನ ಪಟ್ಟಿಯಾಗಲಿ ಸರಿಯಾಗಿ ಹೊಂದದೆ ಚರ್ಮವನ್ನು ಒತ್ತಿ ಹುಣ್ಣುಮಾಡಿದರೆ, ಆ ಹುಣ್ಣು ಮಾಯ್ದ ಮೇಲೆ ಆ ಸ್ಥಳದಲ್ಲಿ ಬಿಳಿಯ ಕೂದಲು ಹುಟ್ಟುವುದು. ಕಂದು ಕುದುರೆಯಲ್ಲಿ ಅದು ಅಷ್ಟಾಗಿ ಕಾಣದು. ಕರಿಯ ಕುದುರೆಯಲ್ಲಿ ದೂರದಿಂದಲೇ ಕಾಣುವುದು. ಕಾಸ್ದಾರನ ಅಲಕ್ಷ್ಯವು ಹೀಗೆ ಪ್ರಾಣಿಯ ಮೈಮೇಲೆಯೇ ಬರೆಯಲ್ಪಡುತ್ತಿದ್ದಿತು. ಕೆಲವರು ಆ ಬಿಳಿಯ ಮಚ್ಚೆಗೆ ಮಸಿ ಬಳಿದು ಮರೆಸುತ್ತಿದ್ದರು. ವಿವೇಕಿಗಳಾದವರು ಪಟ್ಟಿಯನ್ನೇ ಸರಿಪಡಿಸುತ್ತಿದ್ದರು.

ಶವರಥದ ಕುದುರೆಗೆ ಬೇಕಾದ ಗುಣಗಳಲ್ಲಿ ವೇಗವು ಸೇರಿಲ್ಲ. ಅದಕ್ಕೆ ಬೇಕಾದುದು ಶಾಂತಿ. ಮನೆಯ ಬಾಗಿಲಲ್ಲಿ ಗಂಟೆಗಟ್ಟಲೆ ಅಲುಗದೆ ನಿಲ್ಲಬೇಕು. ಅಳುವಿಗೂ ಗದ್ದಲಕ್ಕೂ ವಾದ್ಯಗಳಿಗೂ ಬೆದರಬಾರದು. ಹಾರುವ ಬಟ್ಟೆಯನ್ನೂ ಬಿಚ್ಚಿದ ಕೊಡೆಯನ್ನೂ ಕಂಡು ಹೌಹಾರಬಾರದು. ಮನುಷ್ಯರ ನಡಿಗೆಗೆ ಸರಿಯಾಗಿ ಮೆಲ್ಲಮೆಲ್ಲನೆ ಹೆಜ್ಜೆಯಿಡಬೇಕು. ಭಾರವಾದ ರಥವನ್ನು ಅಷ್ಟು ನಿಧಾನವಾಗಿ ಎಳೆಯುವುದು ಕುದುರೆಗೆ ಸುಲಭವಲ್ಲ. ಇದನ್ನು ಹೊಡೆದು ಕಲಿಸಲಾಗದು. ಹೊಸ ಕುದುರೆಯನ್ನು ಅನುಭವಶಾಲಿಯಾದ ಹಳೆಯ ಕುದುರೆಯೊಡನೆ ಜೋಡಿಯಾಗಿ ಹೂಡಿ ತಿಂಗಳುಗಟ್ಟಲೆ ನಡೆಸುವುದೇ ಮಾರ್ಗವು. ಗುರುಸನ್ನಿಧಿಯಲ್ಲಿ ವಟುವು ನೋಡಿ ಕಲಿಯುವಂತೆ ಎಳೆಯ ಕುದುರೆಯು ತನ್ನ ಜೊತೆಗಾರನನ್ನು ನೋಡಿ ನಿಲ್ಲುವುದನ್ನು ಕಲಿಯುವುದು.

ಲಾಯದ ದಿನಚರಿ

ಕುದುರೆಯ ದೇಹಪ್ರಕೃತಿಯನ್ನರಿಯದೆ ಲಾಯವನ್ನು ನಡೆಸುವುದು ಅಸಾಧ್ಯ. ದೇಹವು ದೊಡ್ಡದಾದರೂ ಅದರ ಜಠರವು ಚಿಕ್ಕದು. ಬಯಲಿನಲ್ಲಿ ಬಿಟ್ಟರೆ ಅದು ಹಗಲಿರುಳಿನ ಬಹುಭಾಗವನ್ನು ಸ್ವಲ್ಪಸ್ವಲ್ಪವಾಗಿ ಮೇಯುವುದರಲ್ಲಿಯೇ ಕಳೆಯುವುದು. ಮೇಲಾಗಿ ಕುದುರೆಗೆ ವಾಂತಿ ಮಾಡಿಕೊಳ್ಳಲು ಬಾರದು. ಕೆಟ್ಟುದನ್ನು ತಿಂದರೆ ಅದು ಹೊರಗೆ ಬರುವ ದಾರಿಯಿಲ್ಲ. ಆದಕಾರಣ ಒಂದೇ ಸಲಕ್ಕೆ ಹೆಚ್ಚು ಧಾನ್ಯವನ್ನು ಹಾಕದೆ ದಿನಕ್ಕೆ ಹಲವು ಬಾರಿ ಹಂಚಿ ಹಾಕಬೇಕು. ಒಣಹುಲ್ಲು ಧೂಳು ಬೂಷ್ಟುಗಳಿಲ್ಲದೆ ಶುದ್ಧವಾಗಿರಬೇಕು. ಇದರಲ್ಲಿ ತಪ್ಪಿದರೆ ಹೊಟ್ಟೆಶೂಲೆಯು ಹುಟ್ಟಿ ಒಂದೆರಡು ದಿನಗಳಲ್ಲಿಯೇ ಪ್ರಾಣವನ್ನು ತೆಗೆಯುವುದು. ಕನ್ನಡನಾಡಿನಲ್ಲಿ ಹುರುಳಿಯು ಹೇಗೋ ಇಂಗ್ಲೆಂಡಿನಲ್ಲಿ ಓಟ್ಸ್ ಎಂಬ ಧಾನ್ಯವು ಹಾಗೆ ಕುದುರೆಯ ಮುಖ್ಯಾಹಾರವಾಗಿದ್ದಿತು. ದಿನವೊಂದಕ್ಕೆ 25ರಿಂದ 45 ಲೀಟರುಗಳಷ್ಟು ಶುದ್ಧಜಲವೂ ಬೇಕಾಗುವುದು.

ಕಾಸ್ದಾರನ ದಿನವು ಸೂರ್ಯೋದಯಕ್ಕೆ ಮುಂಚೆಯೇ ಪ್ರಾರಂಭವಾಗುತ್ತಿದ್ದಿತು. ಮೊದಲು ನೀರು, ಅನಂತರ ಮೇವು, ಬಳಿಕ ಲಾಯದ ಶುದ್ಧಿ. ಒದ್ದೆಯಾದ ಹಾಸುಹುಲ್ಲನ್ನು ತೆಗೆದು ಒಣಗಿದುದನ್ನು ಹಾಸದಿದ್ದರೆ ಮೂತ್ರದಿಂದೇಳುವ ತೀಕ್ಷ್ಣವಾಸನೆಯು ಕುದುರೆಯ ಶ್ವಾಸಕೋಶಗಳನ್ನು ಕೆಡಿಸುವುದು. ಒದ್ದೆಯಲ್ಲಿಯೇ ನಿಂತ ಗೊರಸು ಕೊಳೆಯುವುದು. ಚಳಿಯ ಭಯದಿಂದ ಕಿಟಕಿಗಳನ್ನೆಲ್ಲ ಮುಚ್ಚಿದ ಲಾಯವು ಬೆಚ್ಚಗಿದ್ದರೂ ರೋಗದ ಮನೆಯಾಗುವುದು. ದಿನವೂ ನಾಲ್ಕು ಗೊರಸುಗಳನ್ನೂ ಎತ್ತಿ ನೋಡಿ, ಸಿಕ್ಕಿದ ಕಲ್ಲನ್ನು ಕೆತ್ತಿ ತೆಗೆಯಬೇಕು. ಗೊರಸು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುವುದರಿಂದ ಆರೆಂಟು ವಾರಗಳಿಗೊಮ್ಮೆ ಲಾಳವನ್ನು ಬಿಚ್ಚಿ, ಗೊರಸನ್ನು ಕತ್ತರಿಸಿ, ಮತ್ತೆ ಲಾಳ ಕಟ್ಟಿಸಬೇಕು.

ಮರಣವು ಕಾಲವನ್ನು ಹೇಳಿ ಬರುವುದಿಲ್ಲ. ಆದುದರಿಂದ ಶವರಥದ ಕುದುರೆಗಳಿಗೆ ಕೆಲವು ದಿನ ಕೆಲಸವೇ ಇಲ್ಲ, ಕೆಲವು ದಿನ ಬಿಡುವೇ ಇಲ್ಲ. ಈ ಏರುಪೇರಿನಲ್ಲಿ ಒಂದು ಅಪಾಯವಡಗಿದೆ. ವಿರಾಮದ ದಿನವೂ ಕೆಲಸದ ದಿನದಷ್ಟೇ ಧಾನ್ಯವನ್ನು ತಿನ್ನಿಸಿ ನಿಲ್ಲಿಸಿ, ಮರುದಿನ ಒಮ್ಮೆಲೆ ನೊಗಕ್ಕೆ ಹೂಡಿದರೆ ಕುದುರೆಯ ಸ್ನಾಯುಗಳು ಸೆಟೆದು, ಅದು ಹೆಜ್ಜೆಯಿಡಲಾರದೆ ನಡುಗುತ್ತ ನಿಂತುಬಿಡುವುದು. ಭಾನುವಾರದ ವಿರಾಮದ ಮರುದಿನ ಈ ವ್ಯಾಧಿಯು ಹೆಚ್ಚಾಗಿ ತೋರುತ್ತಿದ್ದುದರಿಂದ ಇಂಗ್ಲಿಷರು ಇದನ್ನು ಸೋಮವಾರದ ಬೇನೆಯೆಂದೇ ಕರೆದರು. ಬಲ್ಲ ಕಾಸ್ದಾರನು ಬಿಡುವಿನ ದಿನ ಧಾನ್ಯವನ್ನು ಕಡಿಮೆ ಮಾಡಿ, ಕುದುರೆಯನ್ನು ತಪ್ಪದೆ ನಡೆದಾಡಿಸುವನು. ವಿರಾಮದ ದಿನ ಲಾಯದಲ್ಲಿ ಸೇವೆಯು ಹೆಚ್ಚೇ ಹೊರತು ಕಡಿಮೆಯಲ್ಲ.

ಆಡಂಬರವೂ ದಯೆಯೂ

ಇಷ್ಟೆಲ್ಲ ಆರೈಕೆ ನಡೆದ ಕಾಲದಲ್ಲಿಯೇ ಆ ಕುದುರೆಗಳಿಗೆ ಒಂದು ದೊಡ್ಡ ಹಿಂಸೆಯೂ ನಡೆಯುತ್ತಿದ್ದಿತು. ಬೇರಿಂಗ್ ರೇನ್ ಎಂಬ ಒಂದು ಪಟ್ಟಿಯಿಂದ ಕುದುರೆಯ ಬಾಯಿಯನ್ನು ಬೆನ್ನಿನ ಪಟ್ಟಿಗೆ ಬಿಗಿದು, ತಲೆಯನ್ನು ಸದಾ ಮೇಲೆತ್ತಿಯೇ ಇರುವಂತೆ ಮಾಡುವುದು ಆಗಿನ ಸೊಗಸಾಗಿದ್ದಿತು. ಭಾರವನ್ನೆಳೆಯುವ ಪ್ರಾಣಿಯು ಸಹಜವಾಗಿ ತಲೆಯನ್ನು ತಗ್ಗಿಸಿ ಮುಂದಕ್ಕೆ ಚಾಚುವುದು. ಆಗಲೇ ಅದರ ದೇಹಭಾರವು ಎಳೆತಕ್ಕೆ ಸಹಾಯಕವಾಗುವುದು. ತಲೆಯನ್ನು ಬಿಗಿದರೆ ಬಾಯಿಯು ಹರಿದು, ಕೊರಳು ನೊಂದು, ಉಸಿರಾಟಕ್ಕೂ ಅಡ್ಡಿಯಾಗುವುದು. ಎಡ್ವರ್ಡ್ ಫ್ಲವರ್ ಎಂಬ ಗೃಹಸ್ಥನು 1875ರಲ್ಲಿ ಇದನ್ನು ಖಂಡಿಸಿ ಪುಸ್ತಕವನ್ನು ಪ್ರಕಟಿಸಿದನು. 1877ರಲ್ಲಿ ಆನಾ ಸೆವೆಲ್ ಎಂಬ ಸ್ತ್ರೀಯು ಒಂದು ಕುದುರೆಯೇ ತನ್ನ ಕಥೆಯನ್ನು ಹೇಳಿಕೊಳ್ಳುವಂತೆ ಬ್ಲ್ಯಾಕ್ ಬ್ಯೂಟಿ ಎಂಬ ಕಾದಂಬರಿಯನ್ನು ಬರೆದು, ಈ ಬಿಗಿಪಟ್ಟಿಯ ಕ್ರೌರ್ಯವನ್ನು ಲೋಕಕ್ಕೆ ತೋರಿಸಿದಳು. ಆಕೆಯು ಹದಿನಾಲ್ಕನೆಯ ವಯಸ್ಸಿನಲ್ಲಿ ಬಿದ್ದು ಕಾಲುಗಳ ಶಕ್ತಿಯನ್ನು ಕಳೆದುಕೊಂಡವಳು. ಎಲ್ಲಿಗೆ ಹೋಗಬೇಕಾದರೂ ಕುದುರೆಗಾಡಿಯನ್ನೇ ಆಶ್ರಯಿಸಬೇಕಾಗಿದ್ದವಳು. ನಡೆಯಲಾರದವಳು ತನ್ನನ್ನು ಹೊತ್ತ ಪ್ರಾಣಿಯ ಋಣವನ್ನು ಈ ರೀತಿಯಾಗಿ ತೀರಿಸಿದಳು.

ಗ್ರಂಥವು ಪ್ರಕಟವಾದ ಕೆಲವೇ ತಿಂಗಳುಗಳಲ್ಲಿ, 1878ರ ಏಪ್ರಿಲ್ ತಿಂಗಳಿನಲ್ಲಿ, ಆಕೆಯು ಕಾಲವಾದಳು. ಆಕೆಯ ಶವವನ್ನೊಯ್ಯಲು ಬಂದ ಕುದುರೆಗಳ ತಲೆಗಳು ಅದೇ ಬಿಗಿಪಟ್ಟಿಯಿಂದ ಬಿಗಿಯಲ್ಪಟ್ಟಿದ್ದುವೆಂದೂ, ಕಿಟಕಿಯಿಂದ ಅದನ್ನು ಕಂಡ ವೃದ್ಧೆಯಾದ ತಾಯಿಯು ಹೊರಗೆ ಬಂದು ಎಲ್ಲ ಕುದುರೆಗಳ ಪಟ್ಟಿಗಳನ್ನೂ ಬಿಚ್ಚಿಸಿದಳೆಂದೂ ಆಕೆಯ ಜೀವನಚರಿತ್ರಕಾರರು ಬರೆದಿರುವರು. ಮಗಳನ್ನು ಕಳೆದುಕೊಂಡ ದಿನವೇ ಮೂಕಪ್ರಾಣಿಯ ನೋವು ಕಣ್ಣಿಗೆ ಬಿದ್ದಿತೆಂದರೆ ಅದು ಸಾಮಾನ್ಯವಾದ ದಯೆಯಲ್ಲ. ಸಕಲಜೀವಿಗಳಲ್ಲಿ ಕನಿಕರವಿಲ್ಲದ ಆಚಾರವು ಧರ್ಮವೆನಿಸದೆಂದು ಕಲ್ಯಾಣದ ಶರಣರು ಬೋಧಿಸಿದ ತತ್ತ್ವವು ಕಲ್ಯಾಣದ ಹೆಸರನ್ನೇ ಕೇಳದ ಆ ತಾಯಿಯ ನಡೆಯಲ್ಲಿ ಕಾಣಬಂದಿತು.

ಆಡಂಬರವನ್ನು ನಿರಾಕರಿಸಿದವರೂ ಆ ದೇಶದಲ್ಲಿ ಇಲ್ಲದಿಲ್ಲ. ಪ್ರಸಿದ್ಧ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸ್ 1852ರಲ್ಲಿಯೇ ಶವಸಂಸ್ಕಾರದ ವ್ಯಾಪಾರವನ್ನು ಖಂಡಿಸಿ ಲೇಖನವನ್ನು ಬರೆದನು. 1870ರಲ್ಲಿ ತಾನು ಮೃತನಾಗುವ ಮುನ್ನ ತನ್ನ ಅಂತ್ಯಯಾತ್ರೆಯು ಅತ್ಯಂತ ಸರಳವಾಗಿರಬೇಕೆಂದು ಮರಣಶಾಸನದಲ್ಲಿ ವಿಧಿಸಿದನು.

ರಾಜಯಾತ್ರೆಗಳ ಪಾಠ

ರಾಜವೈಭವದ ಯಾತ್ರೆಗಳಲ್ಲಿ ಕುದುರೆಯ ಶಕ್ತಿಗೂ ಮಿತಿಯುಂಟೆಂಬುದು ಎರಡು ಬಾರಿ ಪ್ರಕಟವಾಯಿತು. 1806ರ ಜನವರಿ 9ರಂದು ನೌಕಾಧಿಪತಿ ನೆಲ್ಸನ್ನನ ಶವರಥವನ್ನು ಆರು ಕರಿಯ ಕುದುರೆಗಳು ನಿರ್ವಿಘ್ನವಾಗಿ ಎಳೆದುವು. 1852ರ ನವೆಂಬರ್ 18ರಂದು, ಹಿಂದೆ ಶ್ರೀರಂಗಪಟ್ಟಣದ ಯುದ್ಧದಲ್ಲಿಯೂ ಭಾಗವಹಿಸಿದ್ದ ವೆಲಿಂಗ್ಟನ್ ಪ್ರಭುವಿನ ಶವಕ್ಕಾಗಿ ಕಂಚಿನಿಂದ ನಿರ್ಮಿಸಿದ ರಥವಾದರೋ ಹತ್ತು ಟನ್ನಿಗಿಂತಲೂ ಮಿಗಿಲಾದ ಭಾರವುಳ್ಳದ್ದು. ಹನ್ನೆರಡು ಬಲಿಷ್ಠ ಕುದುರೆಗಳನ್ನು ಹೂಡಿದ್ದರೂ ಅದರ ಗಾಲಿಗಳು ಬೀದಿಯಲ್ಲಿ ಹೂತುಹೋಗಿ, ಅದನ್ನು ಮೇಲೆತ್ತಲು ಜನರು ಕೈಹಾಕಬೇಕಾಯಿತು. ಆ ಯಾತ್ರೆಯಲ್ಲಿ ಪ್ರಭುವಿನ ಸವಾರಿಕುದುರೆಯನ್ನು, ರಿಕಾಪುಗಳಲ್ಲಿ ಬೂಟುಗಳನ್ನು ಹಿಂದುಮುಂದಾಗಿ ಇಟ್ಟು, ಒಡೆಯನಿಲ್ಲದ ಜೀನಿನೊಡನೆ ರಥದ ಹಿಂದೆ ನಡೆಸಿದರು.

1901ರ ಫೆಬ್ರವರಿ 2ರಂದು ವಿಕ್ಟೋರಿಯಾ ರಾಣಿಯ ಯಾತ್ರೆಯು ನಡೆಯಿತು. ಲಂಡನ್ನಿನಲ್ಲಿ ಎಂಟು ಕೆನೆಬಣ್ಣದ ಕುದುರೆಗಳು ಶವವಿದ್ದ ತೋಪಿನ ಬಂಡಿಯನ್ನು ಎಳೆದುವು. ವಿಂಡ್ಸರ್ ರೈಲುನಿಲ್ದಾಣದಲ್ಲಿ ಬೇರೆ ಕುದುರೆಗಳು ಕೊರೆಯುವ ಚಳಿಯಲ್ಲಿ ಬಹುಹೊತ್ತು ಕಾದು ನಿಂತಿದ್ದುವು. ಹೊರಡುವ ಸಮಯಕ್ಕೆ ಅವು ಕದಲಿ ಹಾರಿ, ಎಳೆಯುವ ಸಾಜು ಮುರಿಯಿತು. ಆಗ ಕಾವಲಿಗೆ ನಿಂತಿದ್ದ ನಾವಿಕರು ಹಗ್ಗಗಳನ್ನು ಕಟ್ಟಿ ತಾವೇ ಬಂಡಿಯನ್ನೆಳೆದರು. ಆಕಸ್ಮಿಕವಾಗಿ ಉಂಟಾದ ಆ ಏರ್ಪಾಡೇ ಮುಂದೆ ಸಂಪ್ರದಾಯವಾಯಿತು. 1910ರಲ್ಲಿ ಏಳನೆಯ ಎಡ್ವರ್ಡನ ಯಾತ್ರೆಯಿಂದ ಮೊದಲ್ಗೊಂಡು 2022ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಯಾತ್ರೆಯವರೆಗೂ ನಾವಿಕರೇ ಎಳೆದರು. ಕೊನೆಯದರಲ್ಲಿ 142 ಮಂದಿ ನಾವಿಕರಿದ್ದರು. ಭರತಖಂಡದಲ್ಲಿಯೂ 1948ರ ಜನವರಿ 31ರಂದು ಮಹಾತ್ಮಾ ಗಾಂಧಿಯವರ ಪಾರ್ಥಿವಶರೀರವಿದ್ದ ವಾಹನವನ್ನು ಯಂತ್ರದಿಂದ ನಡೆಸದೆ ಮೂರು ಪಡೆಗಳ ಯೋಧರು ಹಗ್ಗದಿಂದ ಎಳೆದರು. ಹೀಗೆ ಶವವಾಹನದ ಭಾರವು ಒಂದು ಸುತ್ತು ತಿರುಗಿ ಪುನಃ ಮನುಷ್ಯನ ಹೆಗಲಿಗೇ ಬಂದಿತು.

ಇಳಿಗಾಲವೂ ಪುನರುದಯವೂ

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೋಟಾರು ಶವವಾಹನಗಳು ತಲೆದೋರಿದುವು. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಅಸಂಖ್ಯಾತ ಕುದುರೆಗಳನ್ನು ವಶಪಡಿಸಿಕೊಂಡರು. ಬೆಲ್ಜಿಯಂ ದೇಶವೇ ರಣರಂಗವಾಯಿತು. ಯುದ್ಧಾನಂತರ ಲಾಯಗಳು ಒಂದೊಂದಾಗಿ ಮೋಟಾರು ಕೊಟ್ಟಿಗೆಗಳಾದುವು. ನೆದರ್ಲೆಂಡ್ಸ್ ದೇಶದ ಕರಿಯ ಫ್ರೀಸಿಯನ್ ತಳಿಯಂತೂ ನಿರ್ನಾಮದ ಅಂಚಿಗೆ ಬಂದಿದ್ದಿತು. 1879ರಲ್ಲಿ ಅದರ ವಂಶಾವಳಿಯನ್ನು ಬರೆದಿಡುವ ಪುಸ್ತಕವು ಪ್ರಾರಂಭವಾಗಿದ್ದರೂ 1913ರ ವೇಳೆಗೆ ಆ ಪುಸ್ತಕಕ್ಕೆ ಸೇರಿದ ಬೀಜದ ಗಂಡುಕುದುರೆಗಳು ಮೂರೇ ಮೂರು ಉಳಿದಿದ್ದುವು. ಕೆಲವರು ರೈತರು ಸಂಘವನ್ನು ಕಟ್ಟಿ ಆ ತಳಿಯನ್ನು ಉಳಿಸಿಕೊಂಡರು. ಇಪ್ಪತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಇಂಗ್ಲೆಂಡಿನಲ್ಲಿ ಕುದುರೆಯ ಶವರಥಗಳು ಮರಳಿ ಬಳಕೆಗೆ ಬಂದಾಗ, ಅವುಗಳಿಗೆ ಹೆಚ್ಚಾಗಿ ಹೂಡಲ್ಪಟ್ಟುವು ಈ ಫ್ರೀಸಿಯನ್ ಕುದುರೆಗಳೇ.

ಆರ್ಲಿಂಗ್ಟನ್ನಿನ ಎಚ್ಚರಿಕೆ

ಅಮೆರಿಕಾ ದೇಶದಲ್ಲಿ 1864ರಲ್ಲಿ ಸ್ಥಾಪಿತವಾದ ಆರ್ಲಿಂಗ್ಟನ್ ಸ್ಮಶಾನದಲ್ಲಿ ಯೋಧರ ಶವಪೆಟ್ಟಿಗೆಗಳನ್ನು 1918ರಲ್ಲಿ ತಯಾರಾದ ತೋಪಿನ ಬಂಡಿಗಳಲ್ಲಿ ಆರು ಕುದುರೆಗಳಿಂದ ಎಳೆಯಿಸುವ ಪದ್ಧತಿಯು ಬಹುಕಾಲ ನಡೆದುಬಂದಿತು. ಆರು ಕುದುರೆಗಳಿಗೂ ಜೀನುಗಳಿದ್ದರೂ ಎಡಭಾಗದ ಮೂರರ ಮೇಲೆ ಮಾತ್ರ ಸವಾರರಿರುವರು. 1963ರಲ್ಲಿ ಅಧ್ಯಕ್ಷ ಕೆನಡಿಯ ಯಾತ್ರೆಯಲ್ಲಿ ಬರಿಯ ಜೀನಿನೊಡನೆ ನಡೆದ ಬ್ಲ್ಯಾಕ್ ಜ್ಯಾಕ್ ಎಂಬ ಕರಿಯ ಕುದುರೆಯು ಲೋಕಪ್ರಸಿದ್ಧವಾಯಿತು. ಸಾವಿರಕ್ಕೂ ಮಿಕ್ಕ ಅಂತ್ಯಯಾತ್ರೆಗಳಲ್ಲಿ ಸೇವೆ ಸಲ್ಲಿಸಿದ ಆ ಕುದುರೆಯು 1976ರಲ್ಲಿ ಸತ್ತಾಗ ಅದನ್ನು ಸೈನಿಕ ಗೌರವದೊಡನೆ ಹೂಳಿದರು.

ಇಷ್ಟು ಗೌರವವನ್ನು ಪಡೆದ ಲಾಯದಲ್ಲಿಯೇ 2022ರ ಫೆಬ್ರವರಿಯಲ್ಲಿ ನಾಲ್ಕು ದಿನಗಳ ಅಂತರದಲ್ಲಿ ಎರಡು ಕುದುರೆಗಳು ಸತ್ತುವು. ವಿಚಾರಣೆಯಿಂದ ಹೊರಬಿದ್ದ ಸಂಗತಿಗಳು ಶೋಚನೀಯವಾಗಿದ್ದುವು. ಮೇವು ಕೀಳುದರ್ಜೆಯದು, ಬಿಡುವ ಬಯಲು ಕುದುರೆಗಳ ಸಂಖ್ಯೆಗೆ ಸಾಲದಷ್ಟು ಇಕ್ಕಟ್ಟು, ಹುಲ್ಲಿಲ್ಲದ ನೆಲದಲ್ಲಿ ಮೇವಿನೊಡನೆ ಮಣ್ಣನ್ನೂ ಕುದುರೆಗಳು ತಿನ್ನುತ್ತಿದ್ದುವು. ಸತ್ತ ಕುದುರೆಯೊಂದರ ಕರುಳಿನಲ್ಲಿ ಸುಮಾರು 20 ಕಿಲೋಗ್ರಾಮಿನಷ್ಟು ಮರಳು ಕಲ್ಲುಗಳು ಸಿಕ್ಕಿದುವು. ಹೊರಗೆ ಮೆರವಣಿಗೆಯಲ್ಲಿ ಸಾಜುಗಳು ಕನ್ನಡಿಯಂತೆ ಹೊಳೆಯುತ್ತಿದ್ದುವು. ಒಳಗೆ ಹೊಟ್ಟೆಯಲ್ಲಿ ಮರಳು ತುಂಬಿದ್ದಿತು. ಸಾಜನ್ನು ಉಜ್ಜಿದ ಯೋಧರಲ್ಲಿ ಶ್ರದ್ಧೆಯಿಲ್ಲದಿರಲಿಲ್ಲ. ಕಣ್ಣಿಗೆ ಕಾಣುವುದಕ್ಕೆ ಸಂದ ಶ್ರದ್ಧೆಯು ಕಾಣದುದಕ್ಕೆ ಸಲ್ಲಲಿಲ್ಲ, ಅಷ್ಟೇ.

ಅನಂತರ ಆ ಸೈನ್ಯವು ಕೈಕೊಂಡ ಕ್ರಮವು ಪ್ರಶಂಸನೀಯವಾದುದು. ಪ್ರಾಣಿಗಳ ಆರೋಗ್ಯವು ಸುಧಾರಿಸುವವರೆಗೂ ಪದ್ಧತಿಯನ್ನೇ ನಿಲ್ಲಿಸುವುದೆಂದು 2023ರಲ್ಲಿ ನಿಶ್ಚಯಿಸಲಾಯಿತು. ದೊಡ್ಡ ಯೋಧರ ಕುಟುಂಬಗಳು ಆ ಗೌರವವಿಲ್ಲದೆಯೇ ಸಂಸ್ಕಾರವನ್ನು ಮಾಡಬೇಕಾಯಿತು. ಕೆಲವರು ವರ್ಷಗಟ್ಟಲೆ ಕಾದರು. ಮೇವು, ಬಯಲು, ಸಾಜು, ಶಿಕ್ಷಣಗಳನ್ನು ಸರಿಪಡಿಸಿದ ಮೇಲೆ 2025ರ ಜೂನ್ ತಿಂಗಳಿನಲ್ಲಿ ಮಿತವಾದ ಸಂಖ್ಯೆಯಲ್ಲಿ ಯಾತ್ರೆಗಳು ಪುನಃ ಪ್ರಾರಂಭವಾದುವು. ಮೃತರಿಗೆ ಸಲ್ಲುವ ಗೌರವಕ್ಕಿಂತ ಜೀವಂತವಾದ ಪ್ರಾಣಿಯ ಕ್ಷೇಮವು ಮೊದಲೆಂದು ಒಪ್ಪಿಕೊಳ್ಳಲು ಧೈರ್ಯವು ಬೇಕು.

ಉಪಸಂಹಾರ

ಶರಣಧರ್ಮದಲ್ಲಿ ಕಾಯಕವು ಪೂಜೆಗೆ ಕಡಿಮೆಯಾದುದಲ್ಲ. ದನಗಳನ್ನು ಕಾಯುತ್ತಿದ್ದ ತುರುಗಾಹಿ ರಾಮಣ್ಣನು ಶರಣರ ಗಡಣದಲ್ಲಿ ಮಾನ್ಯನಾದವನು. ಆ ದೃಷ್ಟಿಯಿಂದ ನೋಡಿದರೆ ಬೆಳಗಿನ ಜಾವದ ಚಳಿಯಲ್ಲಿ ಎದ್ದು ಗೊರಸನ್ನೆತ್ತಿ ಕಲ್ಲು ತೆಗೆಯುವ ಕಾಸ್ದಾರನ ಸೇವೆಯು ಯಾವ ಸೇವೆಗೂ ಕೀಳಲ್ಲ. ಅವನ ಹೆಸರನ್ನು ಯಾವ ಚರಿತ್ರೆಯೂ ಬರೆದಿಡಲಿಲ್ಲ; ಕುದುರೆಯ ಕೊರಳಿನಲ್ಲಿ ಬಿಳಿಯ ಕೂದಲು ಮೂಡದಿರುವುದೇ ಅವನ ಕಾಯಕಕ್ಕೆ ಸಾಕ್ಷಿ.

ಮಹೋತ್ಸವಗಳು ಒದಗಿದಾಗ ರಥ ಪಲ್ಲಕ್ಕಿಗಳನ್ನು ಸಿಂಗರಿಸಲು ನೂರು ಕೈಗಳು ಮುಂದೆ ಬರುವುವು. ರಥವನ್ನೆಳೆದ ಎತ್ತಿಗೆ ಅಂದಿನ ರಾತ್ರಿ ನೀರು ಕುಡಿಸಿದವರು ಯಾರು, ನೊಗವು ಒತ್ತಿದ ಹೆಗಲಿಗೆ ಎಣ್ಣೆ ಸವರಿದವರು ಯಾರು, ಎಳೆಯಲಾರದಷ್ಟು ಮುಪ್ಪಾದ ಮೇಲೆ ಅದಕ್ಕೆ ಮೇವಿಕ್ಕುವವರು ಯಾರು ಎಂಬುದನ್ನು ಕೇಳುವವರು ಕಡಿಮೆ. ಶ್ರೀಮಠದ ಸದ್ಭಕ್ತರು ಉತ್ಸವವನ್ನು ಕಣ್ತುಂಬ ನೋಡಿದ ಬಳಿಕ ಒಂದು ಗಳಿಗೆ ಕೊಟ್ಟಿಗೆಯ ಕಡೆಗೂ ಹೋಗಿಬರುವುದು ಯುಕ್ತವು. ಅಲ್ಲಿ ಹಾಸು ಒಣಗಿದ್ದು, ಗೋದಲಿಯಲ್ಲಿ ಮೇವಿದ್ದು, ಪ್ರಾಣಿಯು ನೆಮ್ಮದಿಯಾಗಿ ಮೆಲುಕುಹಾಕುತ್ತಿದ್ದರೆ, ಹೊರಗೆ ನಡೆದ ಉತ್ಸವವು ಶಿವನಿಗೆ ಮುಟ್ಟಿತೆಂದು ತಿಳಿಯಬಹುದು.